ಶೇಕಡಾ ಒಂದರ ಲೆಕ್ಕ: ಟೊಯೋಟಾ 86 ಕಾರಿನ ಏರ್ ಇನ್‌ಟೇಕ್ ಬದಲಾವಣೆಯ ಒಂದು ಪ್ರಕರಣ

ಹೊಸ ಇನ್‌ಟೇಕ್ (ಎಂಜಿನ್ನಿಗೆ ಗಾಳಿ ಎಳೆದುಕೊಡುವ ಫಿಲ್ಟರ್ ಮತ್ತು ಕೊಳವೆ) ಕೂರಿಸಿದ ಐದನೆಯ ದಿನ ಕಾರು ನನ್ನ ಬಳಿಗೆ ಬಂತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಉರಿಯುತ್ತಿತ್ತು. ನಿಲ್ಲಿಸಿದಾಗ ಎಂಜಿನ್ ಒಮ್ಮೊಮ್ಮೆ ಬಿಕ್ಕಳಿಸಿ ಮತ್ತೆ ಸರಿಹೋಗುತ್ತಿತ್ತು. ಮಾಲೀಕನ ಮುಖದಲ್ಲಿ ಮಾತ್ರ ಚಿಂತೆಗಿಂತ ಸಂಭ್ರಮವೇ ಹೆಚ್ಚಾಗಿತ್ತು. "ಸರ್, ಗಾಡಿ ಬೇರೆಯೇ ಆಗಿಬಿಟ್ಟಿದೆ. ಆ ದೀಪವೊಂದನ್ನು ಆರಿಸಿಕೊಡಿ, ಸಾಕು" ಎಂದ.

ದೀಪ ಆರಿಸುವುದು ಎರಡು ನಿಮಿಷದ ಕೆಲಸ. ಅದು ಏಕೆ ಹತ್ತಿಕೊಂಡಿತೆಂದು ಹುಡುಕಲು ಮೂರು ದಿನ ಬೇಕಾಯಿತು. ಆ ಮೂರು ದಿನಗಳಲ್ಲಿ ನಾವು ಅಳೆದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಇಂಥ ಕಿಟ್ ಕೂರಿಸಿಕೊಂಡವರಲ್ಲಿ ಹೆಚ್ಚಿನವರು ಏನನ್ನೂ ಅಳೆಯುವುದಿಲ್ಲ, ಕಿವಿಗೆ ಕೇಳಿಸಿದ್ದನ್ನೇ ನಂಬಿಬಿಡುತ್ತಾರೆ.

ಕಾರು ಮೊದಲ ತಲೆಮಾರಿನ ಟೊಯೋಟಾ 86. 2012ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರನ್ನು ಟೊಯೋಟಾ ಮತ್ತು ಸುಬಾರು ಸೇರಿ ರೂಪಿಸಿದವು. ಎಂಜಿನ್ ಸುಬಾರುವಿನ ಎಫ್‌ಎ20: ನಾಲ್ಕು ಸಿಲಿಂಡರ್‌ಗಳು ಎದುರುಬದುರಾಗಿ ಮಲಗಿರುವ ವಿನ್ಯಾಸ, 1998 ಸಿಸಿ, ಬೋರ್ ಮತ್ತು ಸ್ಟ್ರೋಕ್ ಎರಡೂ 86 ಮಿಲಿಮೀಟರ್. ಟರ್ಬೊ ಇಲ್ಲ. 7,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಷ್ಟು ಸುತ್ತು) ಸುಮಾರು 200 ಅಶ್ವಶಕ್ತಿ, ಗರಿಷ್ಠ ಟಾರ್ಕ್ 205 ನ್ಯೂಟನ್ ಮೀಟರ್. ಕಂಪ್ರೆಷನ್ ಅನುಪಾತ 12.5ಕ್ಕೆ 1. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಂಡರೆ ಮುಂದಿನದು ಅರ್ಥವಾಗುತ್ತದೆ. ಇಷ್ಟು ಬಿಗಿಯಾಗಿ ಗಾಳಿಯನ್ನು ಒತ್ತುವ ಎಂಜಿನ್ ಬಿಸಿ ಗಾಳಿಯನ್ನಾಗಲಿ, ಪೆಟ್ರೋಲ್ ಕಡಿಮೆಯಾದ ಮಿಶ್ರಣವನ್ನಾಗಲಿ ಸಹಿಸುವುದಿಲ್ಲ; ತಕ್ಷಣ ನಾಕಿಂಗ್, ಅಂದರೆ ಮಿಶ್ರಣ ತಾನಾಗಿಯೇ ಸಿಡಿದು ಬಡಿಯುವುದು, ಶುರುವಾಗುತ್ತದೆ.

ಹಾಕಿಸಿದ್ದು ಬಹಳ ಸಾಮಾನ್ಯವಾದ ಕಿಟ್. ಕಂಪನಿಯ ಪ್ಲಾಸ್ಟಿಕ್ ಏರ್‌ಬಾಕ್ಸನ್ನು ಪೂರ್ತಿ ತೆಗೆದು, ಅದರ ಜಾಗದಲ್ಲಿ ಹೊಳೆಯುವ ಅಲ್ಯೂಮಿನಿಯಂ ಪೈಪು, ಅದರ ತುದಿಗೆ ಎಣ್ಣೆ ಸವರಿದ ಹತ್ತಿಯ ಶಂಕುವಿನಾಕಾರದ ಫಿಲ್ಟರ್. ಫಿಲ್ಟರಿಗೂ ಎಂಜಿನ್ನಿಗೂ ನಡುವೆ ಒಂದು ತೆಳು ತಗಡು ಇತ್ತು. ಅದಕ್ಕೆ ಹೀಟ್ ಶೀಲ್ಡ್ ಎಂದು ಹೆಸರು. ಮೇಲ್ಗಡೆ, ಪಕ್ಕದಲ್ಲಿ ಎಲ್ಲಾ ತೆರೆದೇ ಇತ್ತು. ಮಾಲೀಕ ತಾನೇ ಸ್ಪ್ಯಾನರ್ ಹಿಡಿದು ಒಂದು ಮಧ್ಯಾಹ್ನದಲ್ಲಿ ಕೂರಿಸಿದ್ದ. ಒಂದು ಒಳ್ಳೆಯ ಕೆಲಸವನ್ನೂ ಮಾಡಿದ್ದ: ಹಳೆಯ ಡಬ್ಬಿಯನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದ. ಅದಿಲ್ಲದಿದ್ದರೆ ಈ ಅಧ್ಯಯನವೇ ಆಗುತ್ತಿರಲಿಲ್ಲ.

ಡಬ್ಬಿಯೊಳಗೆ ಏನಿತ್ತು

ನೋಡಲು ಅದು ಬರೀ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಅದನ್ನು ಕಸಕ್ಕೆ ಹಾಕುವ ಮೊದಲು ಬಿಚ್ಚಿ ನೋಡಬೇಕು. ಮೂತಿ ಕಾರಿನ ಮುಂಭಾಗಕ್ಕೆ ಚಾಚಿಕೊಂಡು ಹೊರಗಿನ ಗಾಳಿಯನ್ನೇ ಎಳೆಯುತ್ತದೆ. ಬಾನೆಟ್ಟಿನೊಳಗಿನ ಬಿಸಿ ಗಾಳಿಗೆ ಅಲ್ಲಿ ಪ್ರವೇಶವಿಲ್ಲ. ಒಳಗೆ ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್. ಅದನ್ನು ದಾಟಿದರೆ ಗಾಳಿಯ ತೂಕ ಅಳೆಯುವ ಮ್ಯಾಫ್ ಸೆನ್ಸರ್. ಸೆನ್ಸರಿನ ಆಸುಪಾಸಿನ ಕೊಳವೆಯ ವ್ಯಾಸ, ತಿರುವು, ಉದ್ದ ಎಲ್ಲವನ್ನೂ ಆ ಸೆನ್ಸರಿಗೆಂದೇ ಲೆಕ್ಕ ಹಾಕಿ ಮಾಡಿರುತ್ತಾರೆ. ಎಂಜಿನ್ನಿಗೆ ಗಾಳಿ ಬಿಡುವ ಕವಾಟವಾದ ಥ್ರಾಟಲ್‌ವರೆಗಿನ ಕೊಳವೆಯಿಂದ ಇನ್ನೊಂದು ಸಣ್ಣ ಕೊಳವೆ ಕವಲೊಡೆದು ಡ್ಯಾಶ್‌ಬೋರ್ಡಿನ ಕಡೆಗೆ ಹೋಗುತ್ತದೆ. ಗಾಳಿ ಎಳೆಯುವ ಸದ್ದನ್ನು ಚಾಲಕನ ಕಿವಿಗೆ ತಲುಪಿಸುವುದಷ್ಟೇ ಅದರ ಕೆಲಸ. ಅಂದರೆ ಸದ್ದಿಗೆ ಮನಸೋಲುವವರಿದ್ದಾರೆ ಎಂಬುದು ಕಾರು ಮಾಡಿದವರಿಗೂ ಗೊತ್ತಿತ್ತು.

ಡಬ್ಬಿ ತಡೆ ಒಡ್ಡುತ್ತದೆ ಎಂಬುದು ಸುಳ್ಳಲ್ಲ. ಎಷ್ಟು ತಡೆ ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದರೆ ಕಿಟ್‌ನಿಂದ ಹೆಚ್ಚೆಂದರೆ ಎಷ್ಟು ಲಾಭ ಎಂಬುದು ಕಿಟ್ ಕೊಳ್ಳುವ ಮೊದಲೇ ತಿಳಿಯುತ್ತದೆ.

ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬಾ ಗಾಳಿ ಎಳೆದುಕೊಳ್ಳುತ್ತದೆ. ಎರಡು ಲೀಟರಿನ ಎಂಜಿನ್ನಿಗೆ 7,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 7,000 ಲೀಟರ್ ಆಯಿತು. ಸೆಕೆಂಡಿಗೆ 117 ಲೀಟರ್, 25 ಡಿಗ್ರಿಯಲ್ಲಿ ಸುಮಾರು 138 ಗ್ರಾಂ. ಇಷ್ಟು ಗಾಳಿ ಡಬ್ಬಿಯನ್ನೂ ಫಿಲ್ಟರನ್ನೂ ದಾಟಿ ಬರುವಾಗ ಒತ್ತಡ ಎಷ್ಟು ಕುಸಿಯುತ್ತದೆಂದು ನೋಡಲು ದುಬಾರಿ ಉಪಕರಣ ಬೇಕಿಲ್ಲ. ಪಾರದರ್ಶಕ ಕೊಳವೆಯನ್ನು ಯು ಆಕಾರದಲ್ಲಿ ಹಲಗೆಗೆ ಬಿಗಿದು, ಅರ್ಧಕ್ಕೆ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಥ್ರಾಟಲ್‌ಗೆ ಮುಂಚಿನ ಕೊಳವೆಗೆ ಸೇರಿಸಿದರೆ ಆಯಿತು. ಎರಡು ಕಡೆಯ ನೀರಿನ ಮಟ್ಟದಲ್ಲಿ 10 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಒತ್ತಡ ಸುಮಾರು 1 ಕಿಲೋಪಾಸ್ಕಲ್ ಕುಸಿದಿದೆ ಎಂದು ಲೆಕ್ಕ. ಹೊರಗಿನ ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿ 101.3 ಕಿಲೋಪಾಸ್ಕಲ್, ಆದ್ದರಿಂದ 10 ಸೆಂಟಿಮೀಟರ್ ಎಂದರೆ ಹೆಚ್ಚುಕಡಿಮೆ ಶೇಕಡಾ ಒಂದು. ಹಲಗೆ ಉದ್ದವಾಗಿಯೇ ಇರಲಿ. ಗಿಡ್ಡ ಕೊಳವೆ ಕಟ್ಟಿದರೆ ಬಣ್ಣದ ನೀರನ್ನು ಎಂಜಿನ್ ಕುಡಿದುಬಿಡುತ್ತದೆ.

ಡೈನೋ, ಅಂದರೆ ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರದ ರೋಲರುಗಳ ಮೇಲೆ ಕಾರನ್ನು ನಿಲ್ಲಿಸಿ, ಆಕ್ಸಿಲರೇಟರನ್ನು ಪೂರ್ತಿ ಅದುಮಿ, 7,000 ಆರ್‌ಪಿಎಂನಲ್ಲಿ ಓದಿದೆವು. ಹಳೆಯ ಡಬ್ಬಿ, ಅದರೊಳಗಿದ್ದ ಧೂಳು ತುಂಬಿದ ಕಾಗದದ ಫಿಲ್ಟರಿನ ಸಮೇತ: 27 ಸೆಂಟಿಮೀಟರ್. ಅದೇ ಡಬ್ಬಿ, ಹೊಸ ಕಾಗದದ ಫಿಲ್ಟರ್: 21. ಹೊಸ ಕಿಟ್: 9.

ಮಾಲೀಕ ಹಿಗ್ಗಿದ. "ಇಪ್ಪತ್ತೇಳರಿಂದ ಒಂಬತ್ತಕ್ಕೆ! ಮೂರನೆಯ ಒಂದು ಭಾಗಕ್ಕೆ ಇಳಿಯಿತಲ್ಲ, ಸರ್!" ಇಳಿದದ್ದು ನಿಜ. ಆದರೆ ಇಳಿದದ್ದು ಯಾವುದರಲ್ಲಿ? ಹೊಸ ಕಾಗದದ ಫಿಲ್ಟರಿಗೆ ಹೋಲಿಸಿದರೆ ಕಿಟ್ ಉಳಿಸಿದ್ದು 12 ಸೆಂಟಿಮೀಟರ್, ಅಂದರೆ ವಾತಾವರಣದ ಒತ್ತಡದ ಶೇ 1.2. ಎಂಜಿನ್ನಿನ ಶಕ್ತಿ ಒಳಗೆ ಹೋಗುವ ಗಾಳಿಯ ಒತ್ತಡಕ್ಕೆ ಸರಿಸುಮಾರು ಅನುಪಾತದಲ್ಲಿರುತ್ತದೆ. 200ರಲ್ಲಿ ಶೇ 1.2 ಎಂದರೆ 2.4 ಅಶ್ವಶಕ್ತಿ. ಫಿಲ್ಟರನ್ನೇ ಇಲ್ಲವಾಗಿಸಿ, ಕೊಳವೆಯ ಬಾಯಿ ತೆರೆದಿಟ್ಟು ಓಡಿಸಿದರೂ ಶೇ 2.1ಕ್ಕಿಂತ ಹೆಚ್ಚು ಸಿಗುವಂತಿರಲಿಲ್ಲ. ಧೂಳು ಹಿಡಿದಿದ್ದ ಫಿಲ್ಟರನ್ನು ಬದಲಿಸಿದ್ದರೆ ಸಾಕಿತ್ತು, ಕಿಟ್‌ನ ಒಟ್ಟು ಲಾಭದಲ್ಲಿ ಮೂರನೆಯ ಒಂದು ಪಾಲು ಅಲ್ಲಿಯೇ ಸಿಗುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ.

ಉದ್ದದ ಕೊಳವೆಯಲ್ಲಿ ಒತ್ತಡದ ಅಲೆಗಳು ಹಿಂದೆ ಮುಂದೆ ಓಡಾಡುವುದರಿಂದ ಕೆಲವು ವೇಗಗಳಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚು ಸಿಗಬಹುದು, ಇನ್ನು ಕೆಲವು ವೇಗಗಳಲ್ಲಿ ಕಳೆದುಕೊಳ್ಳಲೂಬಹುದು. ಒಟ್ಟಾರೆ ಆಟ ನಡೆಯುವುದು ಈ ಒಂದೆರಡು ಶೇಕಡಾದ ಅಂಗಳದಲ್ಲಿಯೇ.

ದೀಪ ಉರಿದದ್ದು ಏಕೆ

ದಾಖಲಾಗಿದ್ದ ದೋಷದ ಸಂಕೇತ ಪಿ0171. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆ, ಎಷ್ಟು ಸರಿಪಡಿಸಿದರೂ ಮುಗಿಯುತ್ತಿಲ್ಲ ಎಂದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೈಚೆಲ್ಲಿದಾಗ ಬರುವ ಸಂಕೇತ ಇದು. ಇದನ್ನು ಅಳಿಸಿಹಾಕುವುದು ಜ್ವರ ಬಂದಾಗ ಥರ್ಮಾಮೀಟರ್ ಒಡೆದಂತೆ.

ಮ್ಯಾಫ್ ಸೆನ್ಸರಿನಲ್ಲಿ ಬಿಸಿಯಾದ ಒಂದು ಸೂಕ್ಷ್ಮ ತಂತಿಯಿರುತ್ತದೆ. ದಾಟಿಹೋಗುವ ಗಾಳಿ ಅದನ್ನು ತಣಿಸುತ್ತದೆ. ಮತ್ತೆ ಬಿಸಿಯಾಗಿಡಲು ಎಷ್ಟು ವಿದ್ಯುತ್ ಬೇಕಾಯಿತು ಎಂಬುದರಿಂದ ಗಾಳಿಯ ತೂಕ ತಿಳಿಯುತ್ತದೆ. ಆ ತೂಕಕ್ಕೆ ತಕ್ಕಷ್ಟು ಪೆಟ್ರೋಲನ್ನು, ಸಾಮಾನ್ಯ ಓಟದಲ್ಲಿ 14.7 ಪಾಲು ಗಾಳಿಗೆ 1 ಪಾಲಿನಂತೆ, ಇಸಿಯು ಸಿಂಪಡಿಸುತ್ತದೆ. ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಹೆಚ್ಚುಕಡಿಮೆಯಾದದ್ದನ್ನು ತಿಳಿಸಿದರೆ ಅಷ್ಟನ್ನು ಸೇರಿಸುತ್ತದೆ ಅಥವಾ ಕಳೆಯುತ್ತದೆ. ಈ ತಿದ್ದುಪಡಿಯೇ ಫ್ಯೂಯೆಲ್ ಟ್ರಿಮ್. ಕಾರು ನಮ್ಮ ಬಳಿಗೆ ಬಂದಾಗ ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ತತ್ಕ್ಷಣದ ಟ್ರಿಮ್ ಮತ್ತು ದೀರ್ಘಕಾಲದ ಟ್ರಿಮ್ ಎರಡೂ ಸೇರಿ ಶೇ 28 ಹೆಚ್ಚುವರಿ ಇತ್ತು. 3,000 ಆರ್‌ಪಿಎಂಗೆ ಏರಿಸಿದರೆ ಶೇ 13ಕ್ಕೆ ಇಳಿಯುತ್ತಿತ್ತು.

ವೇಗ ಏರಿದಂತೆ ತಪ್ಪು ಇಳಿಯುವುದು ಒಂದು ಗುರುತು. ಸೆನ್ಸರಿನ ಕಣ್ಣು ತಪ್ಪಿಸಿ ಎಲ್ಲಿಂದಲೋ ಸ್ವಲ್ಪ ಗಾಳಿ ನುಸುಳುತ್ತಿದ್ದರೆ, ಎಂಜಿನ್ ಕಡಿಮೆ ಗಾಳಿ ಎಳೆಯುವ ಹೊತ್ತಿನಲ್ಲಿ ಆ ಕಳ್ಳ ಪಾಲು ದೊಡ್ಡದಾಗಿ ಕಾಣುತ್ತದೆ. ಹೊಗೆಯ ಯಂತ್ರವನ್ನು ಇನ್‌ಟೇಕ್‌ಗೆ ಜೋಡಿಸಿದ ಕೂಡಲೇ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕ್ರ್ಯಾಂಕ್ ದಂಡವಿರುವ ಕೋಶ) ಉಸಿರುಕೊಳವೆ ಹೊಸ ಪೈಪಿಗೆ ಸೇರುವ ಜಾಗದಲ್ಲಿ ಬಿಳಿ ಎಳೆಯೊಂದು ಮೇಲೆದ್ದಿತು. ಕಿಟ್‌ನ ರಬ್ಬರ್ ಗ್ರೊಮೆಟ್ ಅರ್ಧ ಮಾತ್ರ ಕೂತಿತ್ತು. ಮೇಲಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತಿತ್ತು. ಆ ಸಂದಿಯಿಂದ ನುಗ್ಗಿದ ಗಾಳಿ ಕ್ರ್ಯಾಂಕ್‌ಕೇಸನ್ನು ಹಾದು ನೇರವಾಗಿ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಸೇರುತ್ತಿತ್ತು. ಗ್ರೊಮೆಟ್ಟನ್ನು ಒದ್ದೆ ಮಾಡಿ, ಒತ್ತಿ ಕೂರಿಸಿ, ಮತ್ತೆ ಹೊಗೆ ಬಿಟ್ಟು ನೋಡಿದೆವು. ಬಿಕ್ಕಳಿಕೆ ನಿಂತಿತು.

ಇಲ್ಲಿಗೆ ನಿಲ್ಲಿಸಿಬಿಡುವ ಆಸೆಯಾಗುತ್ತದೆ. ದೀಪ ಮತ್ತೆ ಹತ್ತಲಾರದು, ಮಾಲೀಕನೂ ಖುಷಿ. ಆದರೆ ಟ್ರಿಮ್ ಈಗ ನಿಂತಾಗಲೂ ಶೇ 11, 3,000ದಲ್ಲೂ ಶೇ 11. ಎಲ್ಲ ವೇಗದಲ್ಲೂ ಒಂದೇ ಪ್ರಮಾಣದ ತಪ್ಪು ಎಂದರೆ ಸೋರಿಕೆಯಲ್ಲ, ಅಳತೆಯ ಕೋಲೇ ತಪ್ಪು.

ಕ್ಯಾಲಿಪರ್ ಹಿಡಿದು ಅಳೆದಾಗ ಕಿಟ್‌ನಲ್ಲಿ ಸೆನ್ಸರ್ ಕೂರುವ ಜಾಗದ ಒಳವ್ಯಾಸ ಮೂಲದ್ದಕ್ಕಿಂತ ಶೇ 4ರಷ್ಟು ದೊಡ್ಡದಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ. ಆದರೆ ವಿಸ್ತೀರ್ಣ ವ್ಯಾಸದ ವರ್ಗದಂತೆ ಬೆಳೆಯುತ್ತದೆ: 1.04ರ ವರ್ಗ 1.08. ಅಷ್ಟೇ ಗಾಳಿ ಶೇ 8 ಅಗಲವಾದ ದಾರಿಯಲ್ಲಿ ನಿಧಾನವಾಗಿ ಹೋಗುತ್ತದೆ, ತಂತಿ ಕಡಿಮೆ ತಣಿಯುತ್ತದೆ, ಗಾಳಿ ಕಡಿಮೆ ಬಂದಿದೆ ಎಂದು ಇಸಿಯು ಭಾವಿಸುತ್ತದೆ. ಉಳಿದ ಶೇ 3ರ ಮೂಲ ಇನ್ನೂ ವಿಚಿತ್ರವಾದದ್ದು. ಸೆನ್ಸರಿಗಿಂತ ಸ್ವಲ್ಪವೇ ಮುಂಚೆ ಪೈಪಿನಲ್ಲಿ ಒಂದು ತಿರುವಿತ್ತು. ತಿರುವಿನಲ್ಲಿ ಗಾಳಿ ಹೊರಗೋಡೆಗೆ ಒತ್ತರಿಸಿಕೊಂಡು ಓಡುತ್ತದೆ. ಸೆನ್ಸರ್ ಒಳಗೋಡೆಯ ಕಡೆಗೆ ವಾಲಿದ್ದರೆ ನಿಧಾನದ ಗಾಳಿಯನ್ನಷ್ಟೇ ಕಾಣುತ್ತದೆ. ಕ್ಲ್ಯಾಂಪ್ ಸಡಿಲಿಸಿ ತಿರುವಿನ ತುಂಡನ್ನು ಹತ್ತು ಹದಿನೈದು ಡಿಗ್ರಿ ತಿರುಗಿಸಿ ಬಿಗಿದೆವು, ಟ್ರಿಮ್ ಶೇ 8ಕ್ಕೆ ಬಂದು ನಿಂತಿತು. ಬೇರೇನನ್ನೂ ಮುಟ್ಟಿರಲಿಲ್ಲ.

"ಶೇ 8 ತಾನೇ, ಇಸಿಯು ಅದನ್ನು ಸರಿದೂಗಿಸಿಕೊಳ್ಳುತ್ತದೆಯಲ್ಲ?" ಎಂದು ಮಾಲೀಕ ಕೇಳಿದ. ಒಳ್ಳೆಯ ಪ್ರಶ್ನೆ. ನಿಧಾನ ಓಟದಲ್ಲಿ ಹೌದು. ಆಕ್ಸಿಲರೇಟರನ್ನು ಪೂರ್ತಿ ಅದುಮಿದಾಗ ಇಸಿಯು ಆಕ್ಸಿಜನ್ ಸೆನ್ಸರಿನ ಮಾತನ್ನು ಬದಿಗಿಟ್ಟು, ಮುಖ್ಯವಾಗಿ ಮ್ಯಾಫ್ ಹೇಳಿದ್ದನ್ನು ನಂಬಿಕೊಂಡು ನಡೆಯುತ್ತದೆ. ಡೈನೋದಲ್ಲಿ ನಾವು ಬೇರೆಯೇ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟು ನೋಡಿದಾಗ, ಹಳೆಯ ಡಬ್ಬಿಯಲ್ಲಿ 12.4ರ ಆಸುಪಾಸಿನಲ್ಲಿದ್ದ ಗಾಳಿ-ಪೆಟ್ರೋಲ್ ಅನುಪಾತ ಕಿಟ್ ಹಾಕಿದಾಗ 13.3ಕ್ಕೆ ಏರಿತ್ತು, ಅಂದರೆ ಪೆಟ್ರೋಲ್ ಕಡಿಮೆಯಾಗಿತ್ತು. ನಾಕ್ ಸೆನ್ಸರ್ ಬಡಿತ ಕೇಳಿಸಿಕೊಂಡಾಗ ಇಸಿಯು ಇಗ್ನಿಷನ್ ಸಮಯವನ್ನು, ಅಂದರೆ ಕಿಡಿ ಹಾರುವ ಕ್ಷಣವನ್ನು, ಮೂರು ನಾಲ್ಕು ಡಿಗ್ರಿ ಹಿಂದಕ್ಕೆ ತಳ್ಳುತ್ತಿತ್ತು. ಗಳಿಸಿದ 2.4 ಅಶ್ವಶಕ್ತಿಯ ಎಷ್ಟೋ ಪಟ್ಟು ಅಲ್ಲೇ ಸೋರಿಹೋಗುತ್ತಿತ್ತು. ಇಸಿಯುವಿನಲ್ಲಿರುವ ಮ್ಯಾಫ್ ಕೋಷ್ಟಕದ ಅಂಕಿಗಳನ್ನು ಶೇ 8ರಷ್ಟು ಏರಿಸಿ ಬರೆದ ಮೇಲೆ ಟ್ರಿಮ್ ಸೊನ್ನೆಯ ಎರಡೂ ಬದಿಗೆ ಶೇ 2ರೊಳಗೆ ಓಡಾಡತೊಡಗಿತು, ಅನುಪಾತ ಮೊದಲಿನ ಜಾಗಕ್ಕೆ ಮರಳಿತು.

ಇನ್ನೊಂದು ಚಿಕ್ಕ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಫಿಲ್ಟರಿಗೆ ಎಣ್ಣೆ ಸಾಕಾಗಿಲ್ಲವೆನಿಸಿ ಮಾಲೀಕ ಇನ್ನೊಂದು ಸುತ್ತು ಸವರಿದ್ದ. ಹೆಚ್ಚಾದ ಎಣ್ಣೆ ಗಾಳಿಯೊಂದಿಗೆ ಹೋಗಿ ಸೆನ್ಸರಿನ ತಂತಿಗೆ ಅಂಟಿಕೊಳ್ಳುತ್ತದೆ, ಅಳತೆ ಕೆಡುತ್ತದೆ. ನಾವು ಪರೀಕ್ಷೆ ಶುರುಮಾಡುವ ಮೊದಲೇ ತಂತಿಯನ್ನು ಮ್ಯಾಫ್ ಕ್ಲೀನರ್ ಸ್ಪ್ರೇಯಿಂದ ತೊಳೆದು, ಒಣಗಿಸಿ ಹಾಕಿದ್ದೆವು. ಬಟ್ಟೆ, ಬ್ರಷ್, ಬೆರಳು ಯಾವುದನ್ನೂ ಅದಕ್ಕೆ ತಾಗಿಸಬಾರದು.

ಬಾನೆಟ್ ಮುಚ್ಚಿದ ಮೇಲೆ

ಈ ಪ್ರಕರಣದಲ್ಲಿ ನನಗೆ ಅತ್ಯಂತ ರುಚಿಸಿದ ಭಾಗ ಇದು. ಡೈನೋ ಪರೀಕ್ಷೆಗಳನ್ನು ರೂಢಿಯಂತೆ ಬಾನೆಟ್ ತೆರೆದು, ಎದುರಿಗೆ ದೊಡ್ಡ ಫ್ಯಾನ್ ಇಟ್ಟು ಮಾಡಲಾಗುತ್ತದೆ. ಹಾಗೆ ಮಾಡಿದಾಗ ತೆರೆದ ಫಿಲ್ಟರಿಗೆ ಕೋಣೆಯ ತಣ್ಣನೆಯ ಗಾಳಿ ಧಾರಾಳ. ರಸ್ತೆಯಲ್ಲಿ ಯಾರೂ ಬಾನೆಟ್ ತೆರೆದುಕೊಂಡು ಓಡಿಸುವುದಿಲ್ಲ. ಇಂಥ ಕಿಟ್‌ಗಳ ಜೊತೆ ಬರುವ ಡೈನೋ ರೇಖೆಗಳನ್ನು ನೋಡುವಾಗ ನಾನು ಮೊದಲು ಕೇಳುವ ಪ್ರಶ್ನೆ ಬಾನೆಟ್ ಎಲ್ಲಿತ್ತು ಎಂಬುದೇ. ಎಂಜಿನ್ ಶಕ್ತಿ ಅಳೆಯುವ ಎಸ್‌ಎಇ ಜೆ1349 ಮಾನದಂಡ ಫಲಿತಾಂಶವನ್ನು 25 ಡಿಗ್ರಿ, 99 ಕಿಲೋಪಾಸ್ಕಲ್ ಒಣಗಾಳಿಗೆ ಹೊಂದಿಸಿ ಹೇಳುತ್ತದೆ, ಸರಿ. ಫಿಲ್ಟರ್ ತನ್ನ ಸುತ್ತಲಿನ ಯಾವ ಗಾಳಿಯನ್ನು ಕುಡಿಯಿತು ಎಂಬುದನ್ನು ಅದು ಸರಿಪಡಿಸಲಾರದು.

ಮ್ಯಾಫ್ ಸೆನ್ಸರಿನೊಳಗೇ ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್ ಕೂಡ ಇರುವುದರಿಂದ ರಸ್ತೆಯ ಮೇಲಿನ ದಾಖಲೆ ಸುಲಭ. ಹೊರಗೆ 31 ಡಿಗ್ರಿ ಇದ್ದ ದಿನ, ಹಳೆಯ ಡಬ್ಬಿಯಲ್ಲಿ ಓಡುವಾಗ 36. ತೆವಳುವ ವಾಹನಸಾಲಿನಲ್ಲಿ 43ರವರೆಗೆ ಏರಿ, ಸಾಲು ಬಿಟ್ಟೊಡನೆ ಇಳಿಯುತ್ತಿತ್ತು. ಕಿಟ್‌ನಲ್ಲಿ ಓಡುವಾಗ 44, ತೆವಳುವಾಗ 61. ಸಾಲು ಬಿಟ್ಟ ಮೇಲೂ ಇಳಿಯಲು ನಿಮಿಷಗಳೇ ಹಿಡಿಯುತ್ತಿದ್ದವು. ಗಾಳಿ 3 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸರಿಸುಮಾರು ಶೇಕಡಾ ಒಂದರಷ್ಟು ಇಳಿಯುತ್ತದೆ. 36ರಿಂದ 44ಕ್ಕೆ ಏರಿದರೆ ಶೇ 2.5 ನಷ್ಟ. ತಡೆ ಕಡಿಮೆ ಮಾಡಿ ಗಳಿಸಿದ್ದು ಶೇ 1.2. ಒಂದು ಕೈಯಲ್ಲಿ ಕೊಟ್ಟು ಎರಡು ಕೈಗಳಲ್ಲಿ ಕಿತ್ತುಕೊಂಡಂತಾಯಿತು. ಸಾಲದ್ದಕ್ಕೆ ಬಿಸಿ ಗಾಳಿ ಕಂಡ ಇಸಿಯು ಇಗ್ನಿಷನ್ ಸಮಯವನ್ನು ಇನ್ನಷ್ಟು ಹಿಂದಕ್ಕೆ ಎಳೆಯುತ್ತದೆ.

ಮಾಲೀಕನ ಅನುಮಾನ ಅಲ್ಯೂಮಿನಿಯಂ ಪೈಪಿನ ಮೇಲಿತ್ತು. ಅದಕ್ಕೆ ಶಾಖನಿರೋಧಕ ಪಟ್ಟಿ ಸುತ್ತೋಣವೆಂದ. ಪೈಪು ಮುಟ್ಟಲಾಗದಷ್ಟು ಬಿಸಿಯಾಗಿತ್ತು, ಅನುಮಾನ ಸಹಜವೇ. ಆದರೆ ಲೆಕ್ಕ ಹಾಕಿ ನೋಡಿ: ಪೂರ್ತಿ ವೇಗದಲ್ಲಿ ಸೆಕೆಂಡಿಗೆ 117 ಲೀಟರ್ ಗಾಳಿ ಸುಮಾರು 40 ಚದರ ಸೆಂಟಿಮೀಟರಿನ ದಾರಿಯಲ್ಲಿ ಹೋಗಬೇಕಾದರೆ ಅದರ ವೇಗ ಸೆಕೆಂಡಿಗೆ 29 ಮೀಟರ್. 60 ಸೆಂಟಿಮೀಟರ್ ಪೈಪನ್ನು ದಾಟಲು ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು. ಅಷ್ಟರಲ್ಲಿ ಗೋಡೆಯ ಬಿಸಿಯನ್ನು ಅದು ಹೆಚ್ಚೇನೂ ಹೀರಲಾರದು. ನಿಂತಾಗ ಗಾಳಿ ಮೆಲ್ಲಗೆ ಸಾಗುವುದರಿಂದ ಪೈಪು ಬಿಸಿ ಮಾಡುತ್ತದೆ, ನಿಜ; ನಿಂತಾಗ ಶಕ್ತಿ ಯಾರಿಗೆ ಬೇಕು? ತಪ್ಪು ಪೈಪಿನದಲ್ಲ, ಗಾಳಿಯನ್ನು ರೇಡಿಯೇಟರಿನ ಹಿಂದಿನಿಂದ ಎತ್ತಿಕೊಳ್ಳುತ್ತಿದ್ದ ಫಿಲ್ಟರಿನ ಜಾಗದ್ದು.

ಹಾಗಾದರೆ ಫಿಲ್ಟರನ್ನು ಕೆಳಗೆ, ಚಕ್ರದ ಪಕ್ಕದ ಫೆಂಡರಿನೊಳಕ್ಕೆ ಇಳಿಸೋಣವೆಂಬ ಸಲಹೆ ಬಂತು. ಅಲ್ಲಿ ಗಾಳಿ ತಣ್ಣಗಿರುತ್ತದೆ ಎಂಬುದು ಸತ್ಯ. ಮಳೆಯಲ್ಲಿ ನಿಂತ ನೀರನ್ನು ದಾಟುವಾಗ ಫಿಲ್ಟರ್ ಮುಳುಗಿದರೆ ಎಂಜಿನ್ ನೀರನ್ನೇ ಎಳೆದುಕೊಳ್ಳುತ್ತದೆ ಎಂಬುದೂ ಅಷ್ಟೇ ಸತ್ಯ. ನೀರು ಒತ್ತಿದರೆ ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ. ರೇಸ್ ಟ್ರ್ಯಾಕಿಗೆ ಮಾತ್ರ ಹೋಗುವ ಕಾರಾಗಿದ್ದರೆ ನಾನೂ ಒಪ್ಪುತ್ತಿದ್ದೆನೇನೋ. ಇದು ದಿನವೂ ಓಡುವ ಕಾರು, ಒಪ್ಪಲಿಲ್ಲ.

ನಾವು ಮಾಡಿದ್ದು ಸಿಂಗಾರವಿಲ್ಲದ ಕೆಲಸ. ತೆಳು ತಗಡಿನ ಬದಲು ಫಿಲ್ಟರಿನ ಸುತ್ತ ನಾಲ್ಕು ಗೋಡೆಯ ಪೆಟ್ಟಿಗೆ ಕಟ್ಟಿದೆವು. ಮೇಲಂಚಿಗೆ ದಪ್ಪ ಫೋಮ್ ಪಟ್ಟಿ ಅಂಟಿಸಿದ್ದರಿಂದ ಬಾನೆಟ್ ಮುಚ್ಚಿದಾಗ ಅದೇ ಮುಚ್ಚಳವಾಗುತ್ತದೆ. ಬಾನೆಟ್ಟಿನ ಒಳಮೈಗೆ ಸೀಮೆಸುಣ್ಣದ ಪುಡಿ ಹಚ್ಚಿ ಮುಚ್ಚಿ ತೆರೆದು, ಫೋಮ್ ಎಲ್ಲಿ ತಾಗಿಲ್ಲವೆಂದು ನೋಡಿದೆವು; ಎರಡು ಕಡೆ ಮತ್ತೆ ಅಂಟಿಸಬೇಕಾಯಿತು. ಕೊನೆಗೆ ಕಂಪನಿಯ ಹಳೆಯ ಮೂತಿಯನ್ನೇ ತಂದು ಪೆಟ್ಟಿಗೆಯ ಮುಂದಿನ ಗೋಡೆಗೆ ಜೋಡಿಸಿದೆವು. ಮಾಲೀಕ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, "ಸರ್, ಇದು ಹಳೆಯ ಏರ್‌ಬಾಕ್ಸೇ ಆಯಿತಲ್ಲ!" ಎಂದ. ಬಹುಪಾಲು ಹಾಗೆಯೇ ಆಗಿತ್ತು.

ಪೆಟ್ಟಿಗೆ ಕಟ್ಟಿದ ಮೇಲೆ ನೀರಿನ ಮಟ್ಟ 9ರಿಂದ 12 ಸೆಂಟಿಮೀಟರಿಗೆ ಏರಿತು, ಅಂದರೆ ಲಾಭ ಶೇ 0.9ಕ್ಕೆ ಇಳಿಯಿತು. ಓಡುವಾಗಿನ ಗಾಳಿಯ ಉಷ್ಣತೆ 36ಕ್ಕೆ ಬಂತು, ತೆವಳುವಾಗ 45.

ಗಡಿಯಾರದ ಪರೀಕ್ಷೆಯನ್ನು ಮುಚ್ಚಿದ ಟ್ರ್ಯಾಕಿನ ನೇರ ಹಾದಿಯಲ್ಲಿ ಮಾಡಿದೆವು: ಮೂರನೆಯ ಗಿಯರ್, 3,000ದಿಂದ 7,000 ಆರ್‌ಪಿಎಂವರೆಗೆ, ಎರಡೂ ದಿಕ್ಕುಗಳಲ್ಲಿ ಮೂರು ಮೂರು ಸಲ. ಕಿಟ್ ಬಂದ ಸ್ಥಿತಿಯಲ್ಲಿಯೇ, ದುರಸ್ತಿಗೆ ಮುಂಚೆ, ಸರಾಸರಿ 11.4 ಸೆಕೆಂಡ್. ಹಳೆಯ ಡಬ್ಬಿ ಮತ್ತು ಹೊಸ ಕಾಗದದ ಫಿಲ್ಟರ್: 10.9. ಎಲ್ಲ ದುರಸ್ತಿಯ ನಂತರದ ಕಿಟ್: 10.8. ಒಂದೇ ಸ್ಥಿತಿಯ ಓಟಗಳ ನಡುವೆಯೇ 0.1 ಸೆಕೆಂಡಿನ ಏರಿಳಿತವಿತ್ತು. ಆದ್ದರಿಂದ ಕೊನೆಯ ಎರಡು ಅಂಕಿಗಳಲ್ಲಿ ಯಾವುದು ಗೆದ್ದಿತೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಕಾರು "ಬೇರೆಯೇ ಆಗಿಬಿಟ್ಟಿದೆ" ಎಂದು ಮಾಲೀಕನಿಗೆ ಅನಿಸಿದ ದಿನಗಳಲ್ಲಿ ಅದು ಮೊದಲಿಗಿಂತ ಅರ್ಧ ಸೆಕೆಂಡ್ ನಿಧಾನವಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಕಿವಿಯ ಪಕ್ಕದಲ್ಲಿ ಎಂಜಿನ್ ಗರ್ಜಿಸಿದರೆ ಬೆನ್ನಿಗೂ ನೂಕಿದಂತೆ ಅನಿಸುತ್ತದೆ.

ಅಂಕಿಗಳನ್ನು ನೋಡಿದ ಮೇಲೆ ಡಬ್ಬಿಯನ್ನು ಮರಳಿ ಹಾಕಿಕೊಡಲೇ ಎಂದು ಕೇಳಿದೆ. ಬೇಡವೆಂದ. "ಸದ್ದು ಚೆನ್ನಾಗಿದೆ, ಸರ್. ನನಗೆ ಬೇಕಾದದ್ದು ಅದೇ ಇರಬೇಕು." ನನಗೆ ಆ ಉತ್ತರ ಹಿಡಿಸಿತು, ಸದ್ದಿಗಾಗಿ ಕೊಂಡೆ ಎನ್ನುವವರೊಡನೆ ವಾದವಿಲ್ಲ. ಹೊರಡುವ ಮುಂಚೆ ಪೈಪಿನ ತಿರುವಿನ ತುಂಡು, ಕ್ಲ್ಯಾಂಪ್, ಸೆನ್ಸರಿನ ಪೀಠ ಮೂರನ್ನೂ ಹಾಯುವಂತೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದುಕೊಟ್ಟೆ. ಫಿಲ್ಟರ್ ತೊಳೆಯಲು ಬಿಚ್ಚಿದಾಗಲೆಲ್ಲ ಗೆರೆಗೆ ಗೆರೆ ಕೂಡುವಂತೆ ಬಿಗಿಯಬೇಕು, ಹತ್ತು ಡಿಗ್ರಿ ಆಚೀಚೆಯಾದರೆ ಆ ಶೇ 3 ವಾಪಸು ಬರುತ್ತದೆ ಎಂದು ಹೇಳಿ ಕಳುಹಿಸಿದೆ.